ಹಿಂದಿನ ಓಣಿಯ ಅಳತೆ

ಲಿವರ್‌ಪೂಲ್,
ನವೆಂಬರ್ 9

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ.

ಅಪ್ಪ, "ನಕ್ಷೆ ಬರೆಯುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಿತ್ತೇ?" ಎಂದು ಫೋನಿನಲ್ಲಿ ಕೇಳಿದಿರಿ. ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತೇನೆ.

ನಗರ ಯೋಜನೆಯನ್ನೇ ಒಂದು ವಿದ್ಯೆಯಾಗಿ ಕಲಿಸಲು ಜಗತ್ತಿನಲ್ಲಿ ಮೊದಲು ವಿಭಾಗ ತೆರೆದದ್ದು ಇಲ್ಲಿನ ವಿಶ್ವವಿದ್ಯಾಲಯ, 1909ರಲ್ಲಿ. ಹಣ ಕೊಟ್ಟವರು ಸನ್‌ಲೈಟ್ ಸಾಬೂನಿನ ವಿಲಿಯಂ ಲಿವರ್. ಪತ್ರಿಕೆಗಳ ಮೇಲೆ ಹೂಡಿದ್ದ ಮಾನನಷ್ಟ ಮೊಕದ್ದಮೆಯಿಂದ ಬಂದ ದುಡ್ಡನ್ನು ಅವರು ವಿದ್ಯೆಗೆ ಕೊಟ್ಟರು. ನಮ್ಮ ಮೈಸೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಶುರುವಾದದ್ದು 1903ರಲ್ಲಿ, ಈ ವಿಭಾಗಕ್ಕಿಂತ ಆರು ವರ್ಷ ಮೊದಲು! ಓದಲು ಶಾಲೆಯೇ ಇಲ್ಲದ ಕಾಲದಲ್ಲಿ ಎಂಜಿನಿಯರುಗಳು, ಸರ್ವೇಯರುಗಳು, ವಾಸ್ತುಶಿಲ್ಪಿಗಳು ಕೆಲಸ ಮಾಡುತ್ತಲೇ ಕಲಿತರು. ಇಲ್ಲಿಯೂ 1914ರಲ್ಲಿ ಯೋಜಕರ ಸಂಸ್ಥೆ ಕಟ್ಟಿದವರು ಅಂಥವರೇ. ಪದವಿ ಸಿಕ್ಕರೂ ಆ ಸಂಸ್ಥೆ ನಮ್ಮನ್ನು ಕೂಡಲೇ ಪೂರ್ಣ ಸದಸ್ಯರೆಂದು ಒಪ್ಪುವುದಿಲ್ಲ. ಮೊದಲು ಕೆಲಸ ಮಾಡಿ ಅನುಭವ ಪಡೆಯಬೇಕು. ಆಮೇಲೆ ಏನು ಮಾಡಿದೆ, ಯಾವ ತೀರ್ಮಾನವನ್ನು ಏಕೆ ತೆಗೆದುಕೊಂಡೆ ಎಂದು ಬರೆದು ಒಪ್ಪಿಸಬೇಕು. ಆ "ಏಕೆ" ಎಷ್ಟು ಕಷ್ಟದ್ದೆಂದು ಮೊದಲ ತಿಂಗಳಲ್ಲೇ ತಿಳಿಯಿತು.

ಮೊದಲ ಅಭ್ಯಾಸಕ್ಕೆ ನನ್ನ ಪಾಲಿಗೆ ಬಂದದ್ದು ಸಾಲುಮನೆಗಳ ಹಿಂದಿನ ಒಂದು ಓಣಿ. ಕೆಂಪು ಇಟ್ಟಿಗೆಯ ಗೋಡೆಗಳು, ನಡುವೆ ಕಲ್ಲುಹಾಸು, ಎರಡೂ ತುದಿಗಳಲ್ಲಿ ಬೀಗ ಹಾಕಿದ ಕಬ್ಬಿಣದ ಗೇಟು. ಅಗಲ ಅಳೆದೆ, ಕಸದ ಡಬ್ಬಿಗಳನ್ನು ಎಣಿಸಿದೆ, ಗೇಟು ಕಿತ್ತು ಕಾಲುದಾರಿ ಮಾಡಬೇಕೆಂದು ಬರೆದೆ. ನಕ್ಷೆ ಬಹಳ ಚೆನ್ನಾಗಿ ಬಂದಿತ್ತು. ಮೇಡಂ ಅದನ್ನು ನೋಡಿ, "ಎಷ್ಟು ಬಾಗಿಲು ತಟ್ಟಿದೆ?" ಎಂದರು.

ಒಂದೂ ಇಲ್ಲ.

ಮರುದಿನ ಹೋಗಿ ತಟ್ಟಿದೆ. ಒಬ್ಬ ಅಜ್ಜಿ ಹಿತ್ತಲ ಬಾಗಿಲು ತೆರೆದು, ಗೋಡೆಗುಂಟ ಹಳೆಯ ಬಕೆಟ್ಟುಗಳಲ್ಲಿ ಬೆಳೆಸಿದ ಪುದೀನ ತೋರಿಸಿದರು. ಎಲೆಯೊಂದನ್ನು ಚಿವುಟಿ ನನ್ನ ಅಂಗೈಯಲ್ಲಿಟ್ಟರು. ಗೇಟು ಬರುವ ಮೊದಲು ಕತ್ತಲಾದ ಮೇಲೆ ಆ ಬಾಗಿಲು ತೆರೆಯುವ ಧೈರ್ಯವೇ ಇರಲಿಲ್ಲವಂತೆ. ಆದರೆ ಮೂರು ಮನೆ ಆಚೆ ಗಾಲಿಕುರ್ಚಿಯಲ್ಲಿ ಓಡಾಡುವವರೊಬ್ಬರಿದ್ದಾರೆ. ಭಾರದ ಆ ಗೇಟನ್ನು ಅವರೊಬ್ಬರೇ ತಳ್ಳಲಾರರು. ದಿನವೂ ಬೀದಿ ಸುತ್ತಿ ಬರುತ್ತಾರೆ. ಇಬ್ಬರದೂ ನಿಜ. ನನ್ನ ನಕ್ಷೆಯಲ್ಲಿ ಇಬ್ಬರೂ ಇರಲಿಲ್ಲ. ಹಿಂದಿರುಗುವಾಗ ನನಗೆ ಅಳು ಬಂತು.

ಚಿಕಿತ್ಸೆಗೆ ಮೊದಲು ರೋಗ ತಿಳಿಯಬೇಕೆಂದು ಸ್ಕಾಟ್‌ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ನೂರು ವರ್ಷದ ಹಿಂದೆಯೇ ಹೇಳುತ್ತಿದ್ದರು. ನಮ್ಮ ದೇಶದ ಎಷ್ಟೋ ಊರುಗಳ ಗಲ್ಲಿಗಳಲ್ಲಿ ನಡೆದಾಡಿದವರು ಅವರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಪರೀಕ್ಷೆಗೆಂದು ಅವರ ಹೆಸರನ್ನು ಉರು ಹೊಡೆದಿದ್ದೆ. ಅರ್ಥವಾದದ್ದು ಆ ಪುದೀನದ ಮುಂದೆ.

ಈಗ ನಮ್ಮ ಮನೆಯ ಮಾತು. ಮನೆಗಳ ಹಿಂದೆ ಶುಚಿ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಯನ್ನು ಮುಚ್ಚಿ ಮನೆಮನೆಗೆ ಹಂಚಿಕೊಳ್ಳಲು ಬೀದಿಯವರು ಅರ್ಜಿ ಬರೆಯುತ್ತಿದ್ದಾರೆಂದು ಅಮ್ಮ ಹೇಳಿದರು. ಅಪ್ಪ, ದಯವಿಟ್ಟು ಈಗಲೇ ಸಹಿ ಹಾಕಬೇಡಿ. ಒಂದು ವಾರ ಬೆಳಗ್ಗೆ ಆರಕ್ಕೆ ಹಿತ್ತಲಲ್ಲಿ ಕಾಫಿ ಕುಡಿಯುತ್ತಾ ಕುಳಿತು, ಆ ಓಣಿಯಲ್ಲಿ ಯಾರು ಯಾರು ಓಡಾಡುತ್ತಾರೆಂದು ಗುರುತು ಹಾಕಿಕೊಳ್ಳಿ. ಕಸ ಗುಡಿಸಲು ಬರುವ ಪೌರಕಾರ್ಮಿಕ ಅಕ್ಕನನ್ನು ಕೇಳಿ. ಆ ಓಣಿ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಜೋರು ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತದೆಂದು ಅಮ್ಮ ನೋಡಲಿ.

ಟೇಪು ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ಅಗಲವನ್ನು ಮೂರು ಕಡೆ ಅಳೆದು ಬರೆಯಿರಿ. ಅಡಿಯಲ್ಲೇ ಬರೆಯಿರಿ, ಮೀಟರಿಗೆ ನಾನು ಬದಲಾಯಿಸಿಕೊಳ್ಳುತ್ತೇನೆ.

ನಿಮ್ಮ ಪ್ರೀತಿಯ ಮಗಳು