ಸುಮ್ನೆ ಖಂಡಿಸಬೇಡ

ಪ್ರೀತಿಯ ತಮ್ಮಾ,

ಕಥೆ ಓದಿದೆ. ಕಾಗುಣಿತ, ಪ್ಯಾರಾ ಅಂತೆಲ್ಲ ಕೇಳಿದ್ದೀಯ. ಅದನ್ನು ಪ್ರೂಫ್ ನೋಡುವವರು ನೋಡಿಕೊಳ್ಳುತ್ತಾರೆ ಬಿಡು. ಮಂಡಕ್ಕಿ ಭಟ್ಟಿಯ ಆ ಹುಡುಗ ನನ್ನನ್ನು ಹಿಡಿದು ಕೂರಿಸಿದ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಹೊತ್ತಿಗೆ ಅವನ ಮುಂಗೈ ರೋಮ ಸುಟ್ಟ ವಾಸನೆ ಬರುತ್ತದೆ ಅಂತ ಬರೆದಿದ್ದೀಯಲ್ಲ, ಭೇಷ್. ಅಷ್ಟು ಬರೆದವನು ಕೊನೆಯ ಪುಟದಲ್ಲಿ ಮೇಷ್ಟ್ರ ಬಾಯಲ್ಲಿ 'ಈ ಶೋಷಣೆಯನ್ನು ಉಗ್ರವಾಗಿ ಖಂಡಿಸುತ್ತೇನೆ' ಅಂತ ಯಾಕಪ್ಪಾ ಹೇಳಿಸಿದೆ?

ಅದು ದಾವಣಗೆರೆ ಜಯದೇವ ಸರ್ಕಲ್ಲಿನ ಪ್ರತಿಭಟನೆಗಳ ಮಾತು. ಖಂಡಿಸಿ, ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಬೆಣ್ಣೆ ದೋಸೆ ತಿನ್ನಲು ಹೋಗುವವರದ್ದು. ಪ್ರತಿಭಟನೆ ತಪ್ಪು ಅನ್ನುತ್ತಿಲ್ಲ. ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಬರದಿದ್ದರೆ ರೈತ ರಸ್ತೆಗಿಳಿಯಲೇಬೇಕು. ಆದರೆ ಗಮನಿಸು, ನಮ್ಮಲ್ಲಿ ಖಂಡಿಸುವುದು ಹೆಚ್ಚಾಗಿ 'ಘಟನೆ'ಯನ್ನು, 'ಧೋರಣೆ'ಯನ್ನು. ಮಾಡಿದವನ ಹೆಸರೇ ಇರುವುದಿಲ್ಲ. ಅದೇ ಅಜ್ಜಿ ಉಗಿದರೆ ಯಾರಿಗೆ ಉಗಿದಳು ಅಂತ ಓಣಿಗೆಲ್ಲ ಗೊತ್ತಾಗುತ್ತದೆ. ಛೀಮಾರಿ ಹಾಕಲು ಕೂರುವ ಜಾಗ ಎತ್ತರದಲ್ಲಿರಬೇಕು, ಪೇಪರಿನಲ್ಲಿ ಅದು ಕೋರ್ಟಿನ ಕೆಲಸ. ನಿಂದಿಸಿದರೆ ಕೇಸು ಬೀಳಬಹುದು, ನ್ಯಾಯಾಂಗ ನಿಂದನೆಗೆ 1971ರ ಕಾಯ್ದೆಯೇ ಇದೆ. ಘಟನೆಯನ್ನು ಖಂಡಿಸಿದವನಿಗೆ ಏನೂ ಆಗುವುದಿಲ್ಲ. ಅದಕ್ಕೇ ಎಲ್ಲರಿಗೂ ಇಷ್ಟ.

ಖಂಡ ಅಂದರೆ ತುಂಡು. ಹಳೆಯ ಶಾಸ್ತ್ರವಾದಗಳಲ್ಲಿ ಎದುರಾಳಿಯ ಮಾತನ್ನು ಮೊದಲು ಪೂರ್ವಪಕ್ಷ ಅಂತ ಮಂಡಿಸಬೇಕಿತ್ತು. ಆಮೇಲೆ ತುಂಡು ಮಾಡುವುದು. ಓದದೆ ಖಂಡಿಸುವ ಸೌಲಭ್ಯ ಇರಲಿಲ್ಲ.

ಒಮ್ಮೆ ನನ್ನ ಕಥೆಯ ಮೇಲೂ ಸಭೆಯೊಂದು ಖಂಡನಾ ನಿರ್ಣಯ ಮಾಡಿತು. ಕೈ ಎತ್ತಿದವರಲ್ಲಿ ಓದಿದವರು ಎಷ್ಟು ಜನ ಅಂತ ಕೇಳಿದೆ. ಅಧ್ಯಕ್ಷರು ಟೀ ತರಿಸಿದರು! ನಾನು ಕುಡಿಯಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ನಿನ್ನ ಕಥೆಯಲ್ಲೂ ಪೂರ್ವಪಕ್ಷ ಇಲ್ಲ. ಭಟ್ಟಿ ಮಾಲೀಕ ಆ ಹುಡುಗನನ್ನು ಏನಂತ ಕರೆಯುತ್ತಾನೆ? ವಾರದ ಬಟವಾಡೆಯಲ್ಲಿ ಎಷ್ಟು ಮುರಿದುಕೊಳ್ಳುತ್ತಾನೆ? ಏನು ನೆಪ ಹೇಳುತ್ತಾನೆ? ಅವನಿಗೂ ಒಂದು ಲೆಕ್ಕ ಇರುತ್ತದೆ, ಅಲ್ವಾ? ಅದನ್ನು ಅವನ ಬಾಯಿಂದಲೇ ಹೇಳಿಸು. ಓದಿದವರೇ ಅವನಿಗೆ ಉಗಿಯುತ್ತಾರೆ. ಮೇಷ್ಟ್ರನ್ನು ಮನೆಗೆ ಕಳಿಸು. ಯಾರೋ ಗುರುತು ಹಿಡಿದು ಜಗಳಕ್ಕೆ ಬಂದರೆ ಬರಲಿ, ಖಂಡಿತವಾದಿ ಲೋಕವಿರೋಧಿ ಅಂತ ಗಾದೆಯೇ ಇದೆ.

ತಿದ್ದಿ ಕಳಿಸು. ಜಾಸ್ತಿ ದಿನ ಇಟ್ಟುಕೊಂಡು ಕೂರಬೇಡ.

ಇಂತಿ ನಿನ್ನ
ಅಣ್ಣ