ವೈಸ್‌ಮುಲ್ಲರ್ ಪಕ್ಷದ ಗೆಳೆಯನಿಗೆ

ಪ್ರಿಯ ಗೆಳೆಯ,

ಕಾಡಿನ ನಾಯಕ ಟಾರ್ಜನ್ ಎಂದರೆ ಹಳೆಯ ಚಲನಚಿತ್ರಗಳ ನಟ ಜಾನಿ ವೈಸ್‌ಮುಲ್ಲರ್ ಒಬ್ಬನೇ, ಉಳಿದವರೆಲ್ಲ ಬರೀ ಗರಡಿಯಾಳುಗಳು ಎಂದು ಬರೆದಿದ್ದೀಯ. ಒಪ್ಪಲಾರೆ. ನನ್ನ ಮತ ಕಿರುತೆರೆಯ ಟಾರ್ಜನ್ ರಾನ್ ಈಲಿಗೆ. 1966ರ ಸೆಪ್ಟೆಂಬರ್‌ನಿಂದ 1968ರ ಮಾರ್ಚ್‌ವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ ಅವನ ‘ಟಾರ್ಜನ್’ ಧಾರಾವಾಹಿಯ 57 ಕಂತುಗಳಲ್ಲಿ ಜೊಳ್ಳೂ ಬೇಕಾದಷ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏನನ್ನೋ ದೋಚಲು ಕಾಡಿಗೆ ನುಗ್ಗುವ ಖದೀಮರ ಕಾಟಕ್ಕೆ ಕೊನೆಯೇ ಇಲ್ಲ.

ಆದರೆ ಈ ಟಾರ್ಜನ್ ಮಾತನಾಡುತ್ತಾನೆ! 1912ರಲ್ಲಿ ಕಾದಂಬರಿಕಾರ ಎಡ್ಗರ್ ರೈಸ್ ಬರೋಸ್ ಸೃಷ್ಟಿಸಿದ ನಾಯಕ ದಡ್ಡನೇನಲ್ಲ; ಸತ್ತ ತಂದೆತಾಯಿಯ ಗುಡಿಸಿಲಿನಲ್ಲಿ ಸಿಕ್ಕ ಪುಸ್ತಕಗಳನ್ನಿಟ್ಟುಕೊಂಡು ತಾನೇ ಓದು ಕಲಿತವನು. 1932ರಲ್ಲಿ ನಿನ್ನ ವೈಸ್‌ಮುಲ್ಲರ್ ಬಂದಾಗ ಹಾಲಿವುಡ್ ಅವನ ಬಾಯಿಯಲ್ಲಿ ನಾಲ್ಕು ಮುರುಕು ಮಾತುಗಳನ್ನಷ್ಟೇ ಉಳಿಸಿತು. ಈಲಿಯ ಟಾರ್ಜನ್ ನಾಗರಿಕರ ನಡುವೆ ಬಾಳಿ, ಓದಿ, ಆ ಬದುಕು ಸಾಕೆನಿಸಿ ಕಾಡಿಗೆ ಮರಳಿದವನು. ಬೇರೆ ಗತಿಯಿಲ್ಲದೆ ಅಲ್ಲಿ ಉಳಿದವನಲ್ಲ. ಜೇನ್ ಇಲ್ಲ, ಇರುವುದು ಜೈ ಎಂಬ ಅನಾಥ ಹುಡುಗ, ಜೊತೆಗೆ ಚಿಂಪಾಂಜಿ ಚೀಟಾ. ಇಷ್ಟು ಸೊಗಸಾಗಿ ಮಾತನಾಡುವವನ ಕೂಗು ಮಾತ್ರ ಎರವಲು, ವೈಸ್‌ಮುಲ್ಲರ್‌ನ ಹಳೆಯ ಧ್ವನಿಮುದ್ರಿಕೆ. ಅಷ್ಟರ ಮಟ್ಟಿಗೆ ನೀನೇ ಗೆದ್ದೆ.

ಧಾರಾವಾಹಿಯ ಈ ಪಾತ್ರ ಚಲನಚಿತ್ರಗಳಲ್ಲಿ ಟಾರ್ಜನ್ ಆಗಿದ್ದ ನಟ ಮೈಕ್ ಹೆನ್ರಿಯದಾಗಬೇಕಿತ್ತು. ಬ್ರೆಜಿಲ್‌ನಲ್ಲಿ ಟಾರ್ಜನ್ ಚಲನಚಿತ್ರವೊಂದರ ಚಿತ್ರೀಕರಣದ ವೇಳೆ ಚಿಂಪಾಂಜಿಯೊಂದು ಅವನ ದವಡೆ ಕಚ್ಚಿತು. ಅವನು ಧಾರಾವಾಹಿಯ ಸಹವಾಸವೇ ಬೇಡವೆಂದ. ಬದಲಿಗೆ ಬಂದ ಈಲಿ ತನ್ನ ಸಾಹಸ ದೃಶ್ಯಗಳನ್ನು ಬಹುಪಾಲು ತಾನೇ ಮಾಡಿದ. ಬಳ್ಳಿಯಿಂದ ಬಿದ್ದು ಭುಜ ಮುರಿದುಕೊಂಡ, ಸಿಂಹದ ಬಾಯಿಂದ ಕಚ್ಚಿಸಿಕೊಂಡ. ಅದರ ಫಲ ಪರದೆಯ ಮೇಲಿದೆ: ಜಿಗಿತದ ನಡುವೆ ಕ್ಯಾಮೆರಾ ಅವನ ಮುಖದಿಂದ ನುಣುಚಿಕೊಳ್ಳುವ ಅಗತ್ಯವಿಲ್ಲ.

ನನಗೆ ಮುಜುಗರವಾಗುವುದು ಆಫ್ರಿಕಾದ ವಿಷಯದಲ್ಲಿ. ಮೊದಲ ಕೆಲವು ಕಂತುಗಳ ಚಿತ್ರೀಕರಣ ಬ್ರೆಜಿಲ್‌ನಲ್ಲಿ, ಉಳಿದದ್ದು ಮೆಕ್ಸಿಕೊದಲ್ಲಿ. ಬರೋಸನೇ ಆಫ್ರಿಕಾಕ್ಕೆ ಕಾಲಿಟ್ಟವನಲ್ಲ, ಬಿಡು. ಆದರೆ ಆ ಖಂಡದ ದೇಶಗಳು ಒಂದರ ಹಿಂದೊಂದು ಸ್ವತಂತ್ರವಾಗುತ್ತಿದ್ದ ದಶಕದಲ್ಲೇ, ಅಲ್ಲಿನವರ ನ್ಯಾಯ ತೀರ್ಮಾನಕ್ಕೆ ಬಿಳಿಯನೊಬ್ಬ ಬಳ್ಳಿ ಹಿಡಿದು ಬರಬೇಕೆಂದರೆ! ಈಲಿಯ ಮಿದುಮಾತು ಆ ಅಸಂಬದ್ಧವನ್ನು ಮರೆಸುತ್ತದೆ, ತೊಡೆಯುವುದಿಲ್ಲ. ವೈಸ್‌ಮುಲ್ಲರ್‌ಗೂ ಇದೇ ಆರೋಪ ಅಂಟುತ್ತದೆ, ಆದ್ದರಿಂದ ಈ ವಿಷಯದಲ್ಲಿ ನಿನಗೆ ಅಂಕವಿಲ್ಲ.

ನೋಡುವುದಾದರೆ 1968ರ ಕಂತೊಂದನ್ನು ಹುಡುಕು. ಖ್ಯಾತ ಗಾಯಕಿ ಡಯಾನಾ ರಾಸ್ ಮತ್ತು ಆಕೆಯ ಸುಪ್ರೀಮ್ಸ್ ತಂಡದವರು ಕ್ರೈಸ್ತ ಸನ್ಯಾಸಿನಿಯರ ವೇಷದಲ್ಲಿ ಬರುತ್ತಾರೆ. ಕಥೆ ಹೇಗಾದರೂ ಇರಲಿ, ಹಾಡು ಕೇಳು. ನೋಡಿದ ಮೇಲೂ ವೈಸ್‌ಮುಲ್ಲರ್ ಪಕ್ಷದಲ್ಲೇ ಇರುವೆಯಾದರೆ ಉತ್ತರ ಬರೆ. ಜಗಳಕ್ಕೆ ನಾನು ಸಿದ್ಧ.

ಇಂತಿ,
ನಿನ್ನ ಗೆಳೆಯ