ಹೇಳದೆ ಹೋಗಿ ಬಂದೆ

ಪುಟ್ಟಿ,

ಶನಿವಾರ ಫೋನ್ ಎತ್ತಲಿಲ್ಲ ಅಂತ ಸಿಟ್ಟಾಗಿದ್ದೀಯಂತೆ. ನಿಮ್ಮಪ್ಪ ಹೇಳಿದರು. ನಾನು ಆಗ ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ಒಂದು ಕೋತಿಯ ಜೊತೆ ಜಗಳ ಆಡುತ್ತಿದ್ದೆ. ಸುಮ್ನೆ ಹೇಳ್ತಿಲ್ಲ. ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರ್ ಕಿತ್ತುಕೊಂಡು ಬಂಡೆ ಹತ್ತಿ ಕೂತುಬಿಟ್ಟಿತು. ಬಾಚಣಿಗೆ ತೆಗೆದು ಮೂಸಿ ನೋಡಿ ಬಿಸಾಡಿತು. ಬಿಪಿ ಮಾತ್ರೆಯ ಶೀಟನ್ನು ಒಂದು ಸಲ ಕಚ್ಚಿ, ಮುಖ ಸಿಂಡರಿಸಿ, ಅದನ್ನೂ ಕೆಳಗೆ ಹಾಕಿತು.

ಜೊತೆಗಿದ್ದದ್ದು ನಮ್ಮ ಮೂಲೆಮನೆ ಆಂಟಿ. ಶುಕ್ರವಾರ ಸಂಜೆ ಗೇಟಿನ ಹತ್ತಿರ ನಿಂತು ಮಾತಾಡುತ್ತಾ ಇದ್ದೆವು. "ನಾಳೆ ಎಲ್ಲಾದರೂ ಹೋಗೋಣ್ವಾ?" ಅಂದಳು. ಹೂಂ ಅಂದೆ. ಅಷ್ಟೇ. ಒಳಗೆ ಬಂದು ಹೇಳಿದರೆ ನಿಮ್ಮಪ್ಪ ಮೂರು ಪ್ರಶ್ನೆ ಕೇಳಿದರು. ಯಾರ ಜೊತೆ? ಎಲ್ಲಿ ಉಳ್ಕೊಳ್ತೀರಿ? ಯಾವಾಗ ವಾಪಸ್? ಮೊದಲನೆಯದಕ್ಕೆ ಬಿಟ್ಟರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಗಿಗೆ ಸೀರೆ ತುಂಬುವಾಗ ನೆನಪಾಯಿತು. ಈ ಮೂರೂ ಪ್ರಶ್ನೆ ನನ್ನವೇ ಅಲ್ವಾ?

ನೀನು ಕಾಲೇಜಿನಲ್ಲಿದ್ದಾಗ ಕೇಳಿದ್ದೂ ಬಾದಾಮಿಗೇ. ನೀನು, ನಿನ್ನ ಗೆಳತಿ, ಎರಡು ದಿನ. ನಾನು ಬಿಡಲಿಲ್ಲ. ನೀನು ಜಗಳ ಆಡಲಿಲ್ಲ. ಆದರೆ ಆಮೇಲೆ ಎಲ್ಲಿಗೆ ಹೋಗೋದಕ್ಕೂ ನನ್ನನ್ನು ಕೇಳಲೇ ಇಲ್ಲ.

ಮೊದಲನೇ ಗುಹೆಯ ಹೊರಗೆ ನಟರಾಜ ಇದ್ದಾನೆ. ಅವನಿಗೆ 18 ಕೈ. ಇಬ್ಬರೂ ಬೆರಳು ತೋರಿಸಿ ಎಣಿಸಿದೆವು. ನನಗೆ ಹದಿನೆಂಟೇ ಬಂತು, ಅವಳಿಗೆ ಹದಿನಾರು. ಮತ್ತೆ ಎಣಿಸಿದಳು, ಹದಿನೇಳು. ಹಿಂದೆ ನಿಂತಿದ್ದವರು ಫೋಟೋಗೆ ಕಾಯುತ್ತಿದ್ದರು, ಬಿಟ್ಟೆವು. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ. ಶಕ ವರ್ಷ 500, ಅಂದರೆ ಕ್ರಿ.ಶ. 578. ಅಲ್ಲಿನ ಕಂಬಕ್ಕೆ ಕೈ ಇಟ್ಟರೆ ಬಿಸಿಲಲ್ಲೂ ತಣ್ಣಗಿತ್ತು. ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಸ್ವಲ್ಪ ತಡವಾಗಿ ವಾಪಸ್ ಬರುತ್ತಿತ್ತು. ಅಲ್ಲೇ ತುಂಬಾ ಹೊತ್ತು ಕೂತೆವು. ನೀನು ಬಂದಿದ್ದರೆ ನೀನೂ ಅಲ್ಲೇ ಕೂರುತ್ತಿದ್ದೆ ಅನಿಸಿತು.

ರಾತ್ರಿ ಉಳಿದ ಲಾಡ್ಜಿನ ಬಗ್ಗೆ ಕೇಳಬೇಡ. ಬಾಗಿಲಿನ ಚಿಲಕ ಸರಿ ಇರಲಿಲ್ಲ, ಕುರ್ಚಿ ಒತ್ತಿಟ್ಟು ಮಲಗಿದೆವು. ನಿಮ್ಮಪ್ಪನಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ.

ಭಾನುವಾರ ರೈಲಿನಲ್ಲಿ ವಿಜಯಪುರ. ಆಲಮಟ್ಟಿ ಹತ್ತಿರ ಕೃಷ್ಣೆ ದಾಟುವಾಗ ಇಬ್ಬರೂ ಚಿಲ್ಲರೆ ಹುಡುಕಿ ಕಿಟಕಿಯಿಂದ ಎಸೆದೆವು. ಗೋಲಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಬಾಯಿ ಬಿಟ್ಟಿತು. ಮೇಲೆ ಶಾಲೆ ಮಕ್ಕಳದ್ದು ಒಂದೇ ಕಿರುಚಾಟ. ಒಬ್ಬ ಕೂಗಿದರೆ ಗುಮ್ಮಟ ಏಳು ಸಲ ಕೂಗುತ್ತದೆ, ಇನ್ನು ಐವತ್ತು ಜನ ಕೂಗಿದರೆ ಹೇಗಿರಬೇಡ! ಅವರು ಇಳಿದು ಹೋಗುವವರೆಗೆ ಕಾದೆವು. ಆಮೇಲೆ ಅವಳು ಆ ಕಡೆ ಗೋಡೆಗೆ ಕಿವಿ ಕೊಟ್ಟಳು. ನಾನು ಈ ಕಡೆ. ನಡುವೆ ಇಡೀ ಗುಮ್ಮಟದ ಅಗಲ, ಕೆಳಗೆ ಮಹಮ್ಮದ್ ಆದಿಲ್ ಶಾಹನ ಗೋರಿ. ಏನು ಹೇಳಬೇಕು ಅಂತ ಯೋಚನೆ ಮಾಡಿರಲಿಲ್ಲ. ಬಾಯಿಗೆ ಬಂದದ್ದನ್ನು ಪಿಸುಗುಟ್ಟಿದೆ.

"ಅವತ್ತು ಅವಳನ್ನ ಕಳಿಸಬೇಕಿತ್ತು ಕಣೇ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗೋಡೆಯಿಂದ ಅವಳ ದನಿ ಬಂತು, ಕಿವಿ ಪಕ್ಕದಲ್ಲೇ ನಿಂತು ಹೇಳಿದ ಹಾಗೆ.

"ಗೋಡೆಗೆ ಯಾಕೆ ಹೇಳ್ತೀಯಾ? ಅವಳಿಗೇ ಹೇಳು."

ನಿನ್ನ
ಅಮ್ಮ